ಹುದ್ದೆಗೊಂದು ಲೆಕ್ಕ, ತಲೆಗೊಂದು ಲೆಕ್ಕ

ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಹಣ ಕೊಡುವ ಪದ್ಧತಿ 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಬ್ರಿಟಿಷ್ ಶಿಕ್ಷಣ ಪತ್ರದಷ್ಟು ಹಳೆಯದು. ಎಲ್ಲ ಊರಲ್ಲೂ ಸರ್ಕಾರವೇ ಶಾಲೆ ತೆರೆಯಲಾರದು; ತೆರೆದವರು ತಪಾಸಣೆಗೆ ಒಪ್ಪಿದರೆ ಧನಸಹಾಯ ಪಡೆಯಲಿ ಎಂಬುದು ಅದರ ತಿರುಳು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಮೊದಲು ಬಾಸೆಲ್ ಮಿಶನ್ ಶಾಲೆಗಳು, ಆಮೇಲೆ ಊರವರೇ ಕಟ್ಟಿದ ಸಂಸ್ಥೆಗಳು ಬೆಳೆದವು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ ಹುಬ್ಬಳ್ಳಿಗೂ ಕಾಲಿಟ್ಟಿತು. ಇಲ್ಲಿ 1947ರಲ್ಲಿ ಶುರುವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 2015ರಲ್ಲಿ ಖಾಸಗಿ ವಿಶ್ವವಿದ್ಯಾಲಯವೇ ಆಯಿತು.

ಇಂದಿಗೂ ಅನುದಾನವೆಂದರೆ ಮುಖ್ಯವಾಗಿ ಸಂಬಳ. ಮಂಜೂರಾದ ಹುದ್ದೆಯ ಶಿಕ್ಷಕರಿಗೆ ಖಜಾನೆಯಿಂದ ವೇತನ ಬರುತ್ತದೆ. ಕಟ್ಟಡ, ಬೆಂಚು, ಸುಣ್ಣಬಣ್ಣ ಸಂಸ್ಥೆಯ ಪಾಲು. ತೊಡಕು ಬರುವುದು ಶಿಕ್ಷಕರು ನಿವೃತ್ತರಾದಾಗ. ಖಾಲಿ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬರುವವರೆಗೆ ಗಣಿತ ಕಾಯುವುದಿಲ್ಲ. ಹಾಗಾಗಿ ಆಡಳಿತ ಮಂಡಳಿ ತನ್ನ ಕೈಯಿಂದ ಒಬ್ಬರನ್ನು ನೇಮಿಸಿಕೊಳ್ಳುತ್ತದೆ. ಒಂದೇ ಸ್ಟಾಫ್ ರೂಮು, ಒಂದೇ ಚಹಾ, ಅಕ್ಕಪಕ್ಕದ ಕುರ್ಚಿ. ಒಬ್ಬರಿಗೆ ಸರ್ಕಾರಿ ವೇತನಶ್ರೇಣಿ, ಇನ್ನೊಬ್ಬರಿಗೆ ಸಂಸ್ಥೆ ಕೊಟ್ಟಷ್ಟು. 1995ರ ನಂತರ ತೆರೆದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಬೇಕೆಂಬುದು ಹಳೆಯ ಬೇಡಿಕೆ. 1980ರಿಂದ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು ಬರುತ್ತಿರುವ ಬಸವರಾಜ ಹೊರಟ್ಟಿಯವರ ರಾಜಕಾರಣ ಬೆಳೆದದ್ದು ಇಂಥ ಶಿಕ್ಷಕರ ಅಹವಾಲುಗಳ ನಡುವೆಯೇ.

ಎರಡನೆಯ ಬಗೆಯಲ್ಲಿ ಹಣ ಹುದ್ದೆಯ ಹಿಂದೆ ಹೋಗದೆ ಮಗುವಿನ ಹಿಂದೆ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಅನುದಾನರಹಿತ ಶಾಲೆ ಶೇ. 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಡಬೇಕು, ಅವರ ಶುಲ್ಕವನ್ನು ಸರ್ಕಾರ ಮರುಪಾವತಿಸಬೇಕು. ಕರ್ನಾಟಕ ಇದಕ್ಕೆ ಮಿತಿ ಹಾಕಿದೆ: ಒಂದನೇ ತರಗತಿಗೆ ಸೇರಿದ ಮಗುವಿಗೆ ವರ್ಷಕ್ಕೆ 16,000, ಎಲ್‌ಕೆಜಿಗೆ 8,000 ರೂಪಾಯಿ. 2019ರಲ್ಲಿ ರಾಜ್ಯ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಗೆ ಈ ಹೊಣೆ ತಪ್ಪಿತು. ನಗರಗಳಲ್ಲಿ ಸರ್ಕಾರಿ ಶಾಲೆ ಇಲ್ಲದ ಓಣಿ ಅಪರೂಪ. ಯೋಜನೆ ಅಲ್ಲಿಗೆ ಸೊರಗಿತು.

ಕೌಶಲ್ಯ ತರಬೇತಿಯ ಲೆಕ್ಕ ಇನ್ನೂ ಬಿಗಿ. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೇ ಹಂತದಲ್ಲಿ ತರಬೇತಿ ಕೇಂದ್ರಕ್ಕೆ ಶೇ. 30 ಹಣ ತಂಡ ಶುರುವಾದಾಗ, ಶೇ. 50 ಅಭ್ಯರ್ಥಿಗಳು ಪರೀಕ್ಷೆ ಪಾಸಾದಾಗ, ಉಳಿದ ಶೇ. 20 ಅವರಿಗೆ ಕೆಲಸ ಸಿಕ್ಕಾಗ ಬರುತ್ತಿತ್ತು. ಬಾಗಿಲ ಬಳಿ ಹೆಬ್ಬೆಟ್ಟು ಒತ್ತುವ ಹಾಜರಾತಿ ಯಂತ್ರ ಇದ್ದದ್ದು ಇದಕ್ಕೇ. ಹಣದ ದೊಡ್ಡ ಪಾಲು ಪ್ರಮಾಣಪತ್ರಕ್ಕೆ ಗಂಟುಬಿದ್ದ ಮೇಲೆ, ಬೇಗ ಮುಗಿಯುವ ಕೋರ್ಸುಗಳತ್ತ ಕೇಂದ್ರಗಳು ವಾಲಿದ್ದರೆ ಅಚ್ಚರಿಯಿಲ್ಲ.

ಪಾಲುದಾರಿಕೆಯ ಮಾದರಿಯೂ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲೇ ಇದೆ. 2015ರಲ್ಲಿ ಆರಂಭವಾದ ಧಾರವಾಡದ ಐಐಐಟಿಗೆ ಕೇಂದ್ರ, ರಾಜ್ಯ, ಉದ್ಯಮ 50:35:15ರಂತೆ ಬಂಡವಾಳ ಹಾಕಬೇಕೆಂಬುದು ಯೋಜನೆ. ಉದ್ಯಮದ ಸ್ಥಾನದಲ್ಲಿ ಬಂದದ್ದು ಕಿಯೋನಿಕ್ಸ್, ಅಂದರೆ ರಾಜ್ಯ ಸರ್ಕಾರದ್ದೇ ಕಂಪನಿ!

ಕಣ್ಣಿಗೆ ಕಾಣದ ನೆರವೂ ಒಂದಿದೆ: ತೆರಿಗೆ ವಿನಾಯಿತಿ. ಶಾಲೆ ನಡೆಸುವುದು ಲಾಭಕ್ಕಲ್ಲ, ಸಂಸ್ಥೆಯ ಬೆಳವಣಿಗೆಗೆ ತಕ್ಕಷ್ಟು ಹೆಚ್ಚುವರಿ ಉಳಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಹೇಳಿದೆ. ಲಾಭಕ್ಕಲ್ಲದ ಕಾರಣ ಶಾಲೆ-ಕಾಲೇಜುಗಳು ಟ್ರಸ್ಟ್, ಸೊಸೈಟಿಗಳ ಹೆಸರಲ್ಲಿರುತ್ತವೆ, ಆ ರೂಪಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದಲು ಹುಡುಗ-ಹುಡುಗಿಯರು ಬಂದು ಖೋಲಿ ಹಿಡಿಯುವ ಧಾರವಾಡದ ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗೆ ಆ ಭಾಗ್ಯವಿಲ್ಲ. ಜಿಎಸ್‌ಟಿ ನೋಂದಣಿ ಇರುವ ಕೇಂದ್ರದ ರಸೀದಿಯಲ್ಲಿ ಶುಲ್ಕದ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಶೇ. 18.