ಅಂಡೋತ್ಸರ್ಗದ ದಿನವನ್ನು ಅರಿಯುವುದು ಹೇಗೆ?

ಸೂರತ್ ನಗರದ ದಕ್ಷಿಣಕ್ಕಿರುವ ಸಚಿನ್, ಜವಳಿ ಕಾರ್ಖಾನೆಗಳಿಂದ ಕೂಡಿದ ಕೈಗಾರಿಕಾ ಪ್ರದೇಶ. ಹಗಲು ಪಾಳಿ, ರಾತ್ರಿ ಪಾಳಿಗಳಲ್ಲಿ ಕೆಲಸ ನಡೆಯುವ ಇಂತಹ ಊರುಗಳಲ್ಲಿ ಮಕ್ಕಳಿಗಾಗಿ ಹಂಬಲಿಸುವ ದಂಪತಿಗಳು ಗರ್ಭಧಾರಣೆಗೆ ಅನುಕೂಲವಾದ ದಿನಗಳನ್ನು ಸರಿಯಾಗಿ ತಿಳಿದಿರುವುದು ಅವಶ್ಯಕ.

ಅಂಡಾಶಯದಿಂದ ಪಕ್ವವಾದ ಅಂಡಾಣುವು ಹೊರಬರುವುದಕ್ಕೆ ಅಂಡೋತ್ಸರ್ಗವೆಂದು ಹೆಸರು. ಇದು ಎಲ್ಲರಿಗೂ ಋತುಚಕ್ರದ 14ನೆಯ ದಿನವೇ ಆಗುತ್ತದೆಂಬುದು ತಪ್ಪು ಕಲ್ಪನೆ. ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಇದು ಸಂಭವಿಸುತ್ತದೆ. ಆದ್ದರಿಂದ 35 ದಿನಗಳ ಋತುಚಕ್ರವುಳ್ಳವರಲ್ಲಿ ಅದು ಸುಮಾರು 21ನೆಯ ದಿನಕ್ಕೆ ಬೀಳುತ್ತದೆ. ಹೊರಬಂದ ಅಂಡಾಣು 12ರಿಂದ 24 ಗಂಟೆಗಳ ಕಾಲ ಮಾತ್ರ ಜೀವಂತವಾಗಿರುತ್ತದೆ. ವೀರ್ಯಾಣುಗಳಾದರೋ ಸ್ತ್ರೀಯ ದೇಹದಲ್ಲಿ 5 ದಿನಗಳವರೆಗೆ ಬದುಕಬಲ್ಲವು. ಹೀಗಾಗಿ ಅಂಡೋತ್ಸರ್ಗದ ದಿನ ಹಾಗೂ ಅದರ ಹಿಂದಿನ 5 ದಿನಗಳೇ ಗರ್ಭಧಾರಣೆಗೆ ಅನುಕೂಲವಾದ ಕಾಲ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೈಯ ಉಷ್ಣತೆಯನ್ನು ಅಳೆದು ಬರೆದಿಡುವುದು ಹಳೆಯ ವಿಧಾನ. ಆದರೆ ಉಷ್ಣತೆ ಏರುವುದು ಅಂಡೋತ್ಸರ್ಗವಾದ ನಂತರ. ಮೇಲಾಗಿ, ರಾತ್ರಿ ಪಾಳಿಯಿಂದ ನಿದ್ರೆ ಕೆಟ್ಟರೆ ಈ ಲೆಕ್ಕವೂ ತಪ್ಪುತ್ತದೆ. ಅಂಥವರಿಗೆ ಔಷಧಿ ಅಂಗಡಿಗಳಲ್ಲಿ ದೊರೆಯುವ ಮೂತ್ರ ಪರೀಕ್ಷೆಯ ಪಟ್ಟಿ ಹೆಚ್ಚು ಅನುಕೂಲಕರ. ಎಲ್.ಎಚ್. ಎಂಬ ಹಾರ್ಮೋನಿನ ಏರಿಕೆಯನ್ನು ತೋರಿಸುವ ಮೂಲಕ ಅದು ಸುಮಾರು ಒಂದೂವರೆ ದಿನ ಮೊದಲೇ ಸೂಚನೆ ನೀಡುತ್ತದೆ. ಆದರೆ ಪಿ.ಸಿ.ಓ.ಎಸ್. ತೊಂದರೆಯುಳ್ಳವರಲ್ಲಿ ಈ ಸೂಚನೆ ತಪ್ಪಾಗಬಹುದು.

ವೈದ್ಯರು ಅಲ್ಟ್ರಾಸೌಂಡ್ ಪರೀಕ್ಷೆಯ ಮೂಲಕ ಅಂಡಕೋಶದ ಬೆಳವಣಿಗೆಯನ್ನು ಗಮನಿಸುತ್ತಾರೆ. ಅದು ಸುಮಾರು 20 ಮಿಲಿಮೀಟರ್ ಗಾತ್ರಕ್ಕೆ ಬೆಳೆದು ಒಡೆಯುತ್ತದೆ. ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ರಕ್ತದಲ್ಲಿನ ಪ್ರೊಜೆಸ್ಟರಾನ್ ಪ್ರಮಾಣವನ್ನು ಪರೀಕ್ಷಿಸಿದರೆ ಅಂಡೋತ್ಸರ್ಗವಾಗಿದೆಯೇ ಎಂಬುದು ತಿಳಿಯುತ್ತದೆ.

ಆದರೆ ಇವೆಲ್ಲವೂ ಸಮಸ್ಯೆಯ ಒಂದು ಭಾಗವನ್ನು ಮಾತ್ರ ತಿಳಿಸುತ್ತವೆಂಬುದನ್ನು ಮರೆಯಬಾರದು. ಅಂಡೋತ್ಸರ್ಗ ಕ್ರಮವಾಗಿದ್ದರೂ ಗರ್ಭನಾಳಗಳು ಮುಚ್ಚಿರಬಹುದು ಅಥವಾ ಪುರುಷನಲ್ಲಿ ವೀರ್ಯಾಣುಗಳ ಕೊರತೆಯಿರಬಹುದು. ಪತಿಯ ವೀರ್ಯಪರೀಕ್ಷೆ ಸರಳವಾದುದು. ಅದನ್ನು ಆರಂಭದಲ್ಲಿಯೇ ಮಾಡಿಸತಕ್ಕದ್ದು. ಅದನ್ನು ಮುಂದೂಡಿ ಪತ್ನಿಯೊಬ್ಬಳನ್ನೇ ತಿಂಗಳುಗಟ್ಟಲೆ ಪರೀಕ್ಷೆಗೊಳಪಡಿಸುವುದರಿಂದ ಅಮೂಲ್ಯವಾದ ಕಾಲ ವ್ಯರ್ಥವಾಗುತ್ತದೆ; ಮಾಡದ ತಪ್ಪಿಗೆ ಆಕೆ ನಿಂದೆಯನ್ನೂ ಹೊರಬೇಕಾಗುತ್ತದೆ.

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಸ್ತ್ರೀಯ ವಯಸ್ಸು 35 ಅಥವಾ ಅದಕ್ಕೂ ಹೆಚ್ಚಾಗಿದ್ದಲ್ಲಿ 6 ತಿಂಗಳು ಸಾಕು. ಮುಟ್ಟು ಕ್ರಮತಪ್ಪಿದ್ದರೆ ಅಷ್ಟು ದಿನವೂ ಕಾಯಬೇಕಿಲ್ಲ. ಸಚಿನ್‌ನ ನಿವಾಸಿಗಳು ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಸಲಹೆ ಪಡೆಯಬಹುದು. ಹೋಗುವಾಗ ಕಳೆದ ಕೆಲವು ತಿಂಗಳುಗಳ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿರಿ. ಪತಿಪತ್ನಿಯರಿಬ್ಬರೂ ಜೊತೆಯಾಗಿಯೇ ಹೋಗಿರಿ.