ಸಿರಿಧಾನ್ಯ: ಹೊಲದಿಂದ ನಮ್ಮ ತಟ್ಟೆಯವರೆಗೆ

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಇಂದು ಪೇಟೆಯ ದೊಡ್ಡ ಅಂಗಡಿಗಳಲ್ಲಿ ಸಾವಯವ ನವಣೆ, ಸಾಮೆಯ ಪೊಟ್ಟಣಗಳು ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿವೆ. ಆದರೆ ಆ ಬೆಲೆಯ ದೊಡ್ಡ ಪಾಲು ಬೆಳೆದವರ ಕೈ ಸೇರುವುದಿಲ್ಲ. ಇದಕ್ಕೆ ಕಾರಣವೇನು?

ಬೆಳೆಯುವುದು ಅಷ್ಟು ಕಷ್ಟವಲ್ಲ. ನವಣೆ ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಕಡಿಮೆ ಮಳೆಯಲ್ಲೂ ಬೆಳೆಯುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿ, ಜೊತೆಗೆ ತೊಗರಿಯನ್ನು ಅಕ್ಕಡಿ ಸಾಲಾಗಿ ಬಿತ್ತುವುದು ನಮ್ಮ ರೈತರ ಹಳೆಯ ಪದ್ಧತಿ. ತೊಗರಿಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ ಎಂಬುದನ್ನು ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ.

ತೊಡಕು ಇರುವುದು ಸಿಪ್ಪೆಯಲ್ಲಿ. ರಾಗಿಯನ್ನು ನೇರವಾಗಿ ಗಿರಣಿಗೆ ಹಾಕಬಹುದು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಹಾಗಲ್ಲ. ಗಟ್ಟಿ ಸಿಪ್ಪೆ ತೆಗೆಯದೆ ತಿನ್ನಲಾಗದು. ಹಿಂದೆ ಮನೆಯ ಹೆಂಗಸರು ಒರಳಿನಲ್ಲಿ ಕುಟ್ಟಿ ಅಕ್ಕಿ ಮಾಡುತ್ತಿದ್ದರು. ಭತ್ತಕ್ಕೆ ಊರೂರಲ್ಲಿ ಗಿರಣಿ ಬಂತು. ಈ ಸಣ್ಣ ಕಾಳುಗಳಿಗೆ ಬರಲಿಲ್ಲ. ಹೀಗಾಗಿ ರೈತರು ಸಿಪ್ಪೆಸಹಿತ ಮಾರಿಬಿಡುತ್ತಾರೆ. 100 ಕೆಜಿ ನವಣೆಯಿಂದ ಸುಮಾರು 60ರಿಂದ 70 ಕೆಜಿ ಅಕ್ಕಿ ಸಿಗುತ್ತದೆ. ಸಿಪ್ಪೆ ತೆಗೆದು, ಕಲ್ಲು ಆರಿಸಿ, ಪೊಟ್ಟಣ ಕಟ್ಟುವವರಿಗೆ ಹೆಚ್ಚಿನ ಲಾಭ ಹೋಗುತ್ತದೆ.

ಇನ್ನೊಂದು ಮಾತು. ಸಿಪ್ಪೆ ಇರುವ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆದ ಮೇಲೆ ಕಾಳಿನ ಎಣ್ಣೆಯಂಶ ಗಾಳಿ ತಾಗಿ ಕಮಟು ವಾಸನೆ ಬರುತ್ತದೆ. ಆದ್ದರಿಂದ ಬೇಕಾದಾಗ ಬೇಕಾದಷ್ಟೇ ಅಕ್ಕಿ ಮಾಡಿ ಹತ್ತಿರದ ಊರುಗಳಲ್ಲಿ ಮಾರುವುದು ಒಳ್ಳೆಯದು. ರೈತರ ಗುಂಪೊಂದು ಸೇರಿ ಸಣ್ಣ ಯಂತ್ರ ಇಟ್ಟುಕೊಂಡರೆ ಲಾಭ ಊರಲ್ಲೇ ಉಳಿಯುತ್ತದೆ.

ಸಾವಯವ ಎಂಬ ನಂಬಿಕೆಗೂ ದಾರಿಯಿದೆ. ಪಿಜಿಎಸ್-ಇಂಡಿಯಾ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪಾಗಿ ಪರಸ್ಪರ ಹೊಲಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಪಡೆಯಬಹುದು. ಕೊಳ್ಳುವಾಗ ಪೊಟ್ಟಣದ ಮೇಲೆ ಸಾವಯವ ಪ್ರಮಾಣೀಕರಣದ ಗುರುತು ಇದೆಯೇ ನೋಡಿ.

ರೈತರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಿರುವುದು ಖಚಿತವಾದ ಕೊಳ್ಳುಗರು. ಒಂದು ಹಾಸ್ಟೆಲ್ ತಿಂಗಳಿಗೆ ಒಂದು ಮೂಟೆ ನವಣೆ ಅಕ್ಕಿ ಕೊಳ್ಳುತ್ತೇವೆಂದು ಮುಂಗಾರಿಗೆ ಮೊದಲೇ ಹೇಳಿದರೆ, ಏನು ಬಿತ್ತಬೇಕೆಂದು ರೈತರು ಧೈರ್ಯವಾಗಿ ನಿರ್ಧರಿಸುತ್ತಾರೆ. ವಾರಕ್ಕೊಮ್ಮೆ ನಮ್ಮ ಬೆಳಗಿನ ಉಪ್ಪಿಟ್ಟು ನವಣೆಯದ್ದಾದರೆ ಸಾಕು, ಅದು ಅಲ್ಲಿಂದಲೇ ಶುರುವಾಗುತ್ತದೆ.