ಅದು ಗ್ಯಾಸಿನ ಎಕ್ಸ್‌ಪೈರಿ ಅಲ್ಲ

ಗದ್ವಾಲ ಸೀಮೆಯ ಶಾಂತಿನಗರದಲ್ಲಿ ಬೇಸಿಗೆ 40 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಮಧ್ಯಾಹ್ನ ಅಡುಗೆಮನೆಯ ಗ್ಯಾಸ್ ಸಿಲಿಂಡರಿನೊಳಗೂ ಒತ್ತಡ ಏರಿರುತ್ತದೆ. ಒಲೆಯ ಉರಿ ಮಾತ್ರ ಜನವರಿಯಲ್ಲಿ ಇದ್ದಷ್ಟೇ.

ಸಿಲಿಂಡರಿನಲ್ಲಿ 14.2 ಕಿಲೋ ಇಂಧನ ದ್ರವವಾಗಿರುತ್ತದೆ. ಒಳಗಿನ ಒತ್ತಡ, ಇಂಧನ ಎಷ್ಟು ಉಳಿದಿದೆ ಎಂಬುದಕ್ಕಿಂತ ಎಷ್ಟು ಬಿಸಿಯಿದೆ ಎಂಬುದನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 5ರಿಂದ 8 ಕಿಲೋ. ಒಲೆಗೆ ಬೇಕಾದದ್ದೋ ಬರೀ 30 ಗ್ರಾಂ, ಒಂದಡಿ ನೀರು ತುಂಬಿದ ಬಕೆಟ್ಟಿನ ತಳದಲ್ಲಿರುವಷ್ಟು. ಈ ಇಳಿಕೆ ರೆಗ್ಯುಲೇಟರಿನ ಕೆಲಸ. ಒಳಗೊಂದು ರಬ್ಬರ್ ಪೊರೆ, ಮೇಲೊಂದು ಸ್ಪ್ರಿಂಗ್. ಒತ್ತಡ ಹೆಚ್ಚಿದರೆ ಪೊರೆ ಉಬ್ಬಿ ದಾರಿಯನ್ನು ಕಿರಿದು ಮಾಡುತ್ತದೆ, ಇಳಿದರೆ ಸ್ಪ್ರಿಂಗ್ ಮತ್ತೆ ತೆರೆಯುತ್ತದೆ.

ಪೂರ್ತಿ ಭಾರ ತಾಳಬೇಕಾದದ್ದು ಉಕ್ಕಿನ ಮೈ. ಅದರ ಪರೀಕ್ಷೆಗೆ ವಾಲ್ವ್ ಬಿಚ್ಚಿ, ಕಂಠಮಟ್ಟ ನೀರು ತುಂಬಿ, ಒತ್ತಡವನ್ನು ಸುಮಾರು 25 ಕಿಲೋವರೆಗೆ ಏರಿಸಿ ನಿಲ್ಲಿಸುತ್ತಾರೆ. ಗೇಜಿನ ಮುಳ್ಳು ಇಳಿಯಬಾರದು, ಬೆಸುಗೆಯ ಮೇಲೆ ಹನಿ ಮೂಡಬಾರದು. ನೀರೇ ಯಾಕೆ? ಗಾಳಿ ಒತ್ತಿದಷ್ಟೂ ಕುಗ್ಗುತ್ತದೆ, ಸಿಲಿಂಡರ್ ಸೀಳಿದರೆ ಕೂಡಿಟ್ಟ ಶಕ್ತಿಯನ್ನೆಲ್ಲ ಒಮ್ಮೆಲೇ ಹೊರಹಾಕಿ ಬಾಂಬಾಗುತ್ತದೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಸೀಳಿದರೂ ಒಂದಿಷ್ಟು ಚಿಮ್ಮಿ ಒತ್ತಡ ತಟ್ಟನೆ ಬಿದ್ದುಹೋಗುತ್ತದೆ. ಹೊಸ ಸಿಲಿಂಡರಿಗೆ 10 ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ 5 ವರ್ಷಕ್ಕೊಮ್ಮೆ.

ಮುಂದಿನ ಪರೀಕ್ಷೆಯ ಗಡುವು ಸಿಲಿಂಡರಿನ ಮೇಲೆಯೇ ಇದೆ. ಹಿಡಿಯ ಬಳೆಯನ್ನು ಹೊತ್ತ ಮೂರು ಪಟ್ಟಿಗಳಲ್ಲಿ ಒಂದರ ಒಳಮೈ ನೋಡಿ. ‘ಬಿ 28’ ಎಂದಿದ್ದರೆ 2028ರ ಜೂನ್ ಕೊನೆ. ಎ ಮಾರ್ಚ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಹಳ ಮಂದಿ ಇದನ್ನು ಗ್ಯಾಸ್ ಕೆಡುವ ದಿನವೆಂದು ತಿಳಿದಿದ್ದಾರೆ. ಗ್ಯಾಸ್ ಕೆಡುವುದಿಲ್ಲ, ಮಾತು ಉಕ್ಕಿನದು.

ಅಷ್ಟಾದರೂ ಮನೆಗಳಲ್ಲಿ ಸೋರಿಕೆ ಹೆಚ್ಚಾಗಿ ಶುರುವಾಗುವುದು ವಾಲ್ವಿನೊಳಗಿನ ಪುಟ್ಟ ರಬ್ಬರ್ ಉಂಗುರದಿಂದ, ಇಲ್ಲವೇ ಹಳೇ ಪೈಪಿನಿಂದ. ಅದಕ್ಕೆ ಗೇಜು ಬೇಡ. ಒಲೆಯ ತಿರುಪುಗಳನ್ನೆಲ್ಲ ಮುಚ್ಚಿ, ರೆಗ್ಯುಲೇಟರ್ ತೆರೆದು, ವಾಲ್ವಿಗೂ ಪೈಪಿನ ಎರಡೂ ತುದಿಗೂ ಸೋಪಿನ ನೊರೆ ಸವರಿ. ಗುಳ್ಳೆ ಉಬ್ಬಿತೋ, ಸೋರಿಕೆ ಇದೆ. ಕಡ್ಡಿ ಗೀರಿ ನೋಡುವ ಧೈರ್ಯ ಮಾತ್ರ ಯಾರಿಗೂ ಬೇಡ.

ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ವಾಸನೆ ಬಂದರೆ ಬಾಗಿಲು ಕಿಟಕಿ ತೆರೆಯಿರಿ, ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗಡುವು ಮೀರಿದ ಸಿಲಿಂಡರ್ ಬಂದರೆ ಹೊಸ್ತಿಲಲ್ಲೇ ವಾಪಸ್ ಕಳಿಸಿ.